ಬೋರ್ಡ್ ಮೇಡಂ ಲೈನ್ ಕೊಡುತ್ತಿದ್ದ ರೀತಿ

ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಸಾಹೇಬರು ಕ್ಯಾಬಿನ್ನಿನಿಂದ ಎದ್ದು ಬಂದು ವರಾಂಡದ ಕ್ರೋಟನ್ ಕುಂಡದ ಪಕ್ಕ ನಿಂತರೆಂದರೆ ಪುಣೆಯಿಂದ ಫೋನ್ ಬಂದಿದೆ ಎಂದೇ ಅರ್ಥ. ನಾವು ಪಂಪಿನೊಳಗೆ ತಿರುಗುವ ಕಬ್ಬಿಣದ ಶಾಫ್ಟ್ ಮಾಡಿ ಪುಣೆಯ ಒಂದು ಕಂಪನಿಗೆ ಕಳಿಸುತ್ತಿದ್ದೆವು. ಮಾಲು ಯಾವಾಗಲೂ ತಡ. ಯಾಕೆ ತಡ ಎಂದು ಕೇಳಲು ಅವರು ಫೋನ್ ಮಾಡುತ್ತಿದ್ದರು, ಉತ್ತರ ಕೊಡಲು ಸಾಹೇಬರಿಗೆ ಇಷ್ಟವಿರುತ್ತಿರಲಿಲ್ಲ. ಬೇರೆ ಫ್ಯಾಕ್ಟರಿಯಲ್ಲಾದರೆ ಟೆಲಿಫೋನ್ ಆಪರೇಟರೇ 'ಸಾಹೇಬರು ಸೀಟಿನಲ್ಲಿಲ್ಲ' ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ಆಪರೇಟರ್ ಮಾತ್ರ ಅದಕ್ಕೆ ಒಪ್ಪುತ್ತಿರಲಿಲ್ಲ.

"ನೀವು ಸೀಟಿನ್ಯಾಗ ಅದೀರಲ್ರಿ ಸರ್. ಇಲ್ಲ ಅಂತ ಹೆಂಗ ಹೇಳ್ಲಿ ನಾ? ಎದ್ದು ಹೊರಗ ಹೋಗ್ರಿ, ಆಮ್ಯಾಲ ಹೇಳ್ತೀನಿ" ಎನ್ನುತ್ತಿದ್ದರು.

ಸಾಹೇಬರು ಗೊಣಗಿಕೊಂಡು ಎದ್ದು ಬರುತ್ತಿದ್ದರು. ಟೆಲಿಫೋನ್ ಬೋರ್ಡ್ ಇದ್ದ ರೂಮಿನ ಕಿಟಕಿಯಿಂದ ಅವರು ಕುಂಡದ ಪಕ್ಕ ಕಂಡ ಮೇಲೆಯೇ ನಮ್ಮ ಆಪರೇಟರ್ ಪುಣೆಯವರಿಗೆ, "ಹೀ ಈಸ್ ನಾಟ್ ಇನ್ ಹಿಸ್ ಸೀಟ್" ಎಂದು ನೆಮ್ಮದಿಯಿಂದ ಹೇಳುತ್ತಿದ್ದರು. ಆ ಕುಂಡಕ್ಕೆ ನೀರು ಹಾಕುವವರು ಯಾರೂ ಇರಲಿಲ್ಲ, ಆದರೂ ಗಿಡ ಸೊಂಪಾಗಿತ್ತು. ಸಾಹೇಬರು ಬೇಜಾರಿಗೆ ಕೈಯಲ್ಲಿದ್ದ ಟೀಯನ್ನು ಅದಕ್ಕೇ ಸುರಿಯುತ್ತಿದ್ದರು ಎಂದು ಕ್ಯಾಂಟೀನಿನವರು ಹೇಳುತ್ತಿದ್ದರು.

ಆಪರೇಟರನ್ನು ನಾವೆಲ್ಲ ಕರೆಯುತ್ತಿದ್ದದ್ದು ಬೋರ್ಡ್ ಮೇಡಂ ಎಂದು. ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಅವರ ಮಗಳಿಂದ ತಿಳಿಯಿತು. ಅವರ ಬಗ್ಗೆ ಬರೆಯೋಣ ಎನಿಸಿತು. ಹೆಸರು ಹಾಕುತ್ತಿಲ್ಲ. ಹಾಕಿದ್ದರೆ, "ನನ್ನ ಕೇಳದ ನನ್ನ ಹೆಸರು ಯಾಕ ಹಾಕಿದಿ?" ಎಂದು ಖಂಡಿತ ಬೈಯುತ್ತಿದ್ದರು. ಅವರ ಬೈಗುಳಕ್ಕೆ ನನಗೆ ಈಗಲೂ ಸ್ವಲ್ಪ ಹೆದರಿಕೆಯಿದೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಆಗಷ್ಟೇ ಡಿಪ್ಲೊಮಾ ಮುಗಿಸಿ ಆ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಸೇರಿದ್ದೆ. ತಯಾರಾದ ಶಾಫ್ಟುಗಳನ್ನು ಅಳೆದು, ಸರಿಯಿದ್ದರೆ ಓಕೆ, ಇಲ್ಲದಿದ್ದರೆ ರಿಜೆಕ್ಟ್ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಎಂಬತ್ತು ಜನ ಗಂಡಸರ ನಡುವೆ ಇದ್ದ ಹೆಂಗಸರು ನಾವಿಬ್ಬರೇ. ಹಾಗಾಗಿ ಊಟ ಅವರ ಜೊತೆ, ಅವರ ರೂಮಿನಲ್ಲೇ. ಅವರ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ. ನನ್ನ ಡಬ್ಬಿಯಲ್ಲಿ ಚಿತ್ರಾನ್ನ ಅಥವಾ ಬೇಳೆ ಸಾರು. ನನ್ನ ಸಾರಿಗೆ ಒಂದು ಬೆರಳು ಅದ್ದಿ ನೋಡಿ, "ನಿಮ್ಮ ಬೆಂಗಳೂರಾಗ ಸಾರಿಗೂ ಬೆಲ್ಲಾ ಹಾಕ್ತೀರಿ, ಮಾತಿಗೂ ಹಾಕ್ತೀರಿ" ಎನ್ನುತ್ತಿದ್ದರು.

ಗದಗದ ಕಡೆಯವರು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಬೆಂಗಳೂರಿಗೆ ಬಂದು, ರಾಜಾಜಿನಗರದಲ್ಲಿ ಮನೆ ಮಾಡಿ, ಬಸ್ ಹಿಡಿದು ಪೀಣ್ಯಕ್ಕೆ ಬರುತ್ತಿದ್ದರು. ಎತ್ತರದ ಹೆಂಗಸು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಅದರ ಕೆಳಗೆ ಕುಂಕುಮ. ಕಿವಿಗೆ ಹಾಕುವ ಹೆಡ್‌ಸೆಟ್ಟಿನ ಪಟ್ಟಿ ತುರುಬಿಗೆ ತಾಗಿ ಕೂದಲು ಕೆದರುತ್ತಿತ್ತು. ಅದಕ್ಕೆ ಅವರು ತುರುಬನ್ನೇ ಒಂದು ಬದಿಗೆ ಕಟ್ಟುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಯಾವ ಮದುವೆಯ ಫೋಟೋದಲ್ಲಿ ನೋಡಿದರೂ ಬೋರ್ಡ್ ಮೇಡಂ ತುರುಬು ಎಡಕ್ಕೇ ವಾಲಿರುತ್ತಿತ್ತು.

ಅವರ ಮುಂದೆ ಒಂದು ಬೋರ್ಡು. ಹೊರಗಿನ ಲೈನು ನಾಲ್ಕು, ಒಳಗಿನ ಎಕ್ಸ್‌ಟೆನ್ಷನ್ನು ಇಪ್ಪತ್ತು. ಯಾರ ಫೋನ್ ಬಂದರೂ, ಯಾರಿಗೆ ಫೋನ್ ಮಾಡಬೇಕಾದರೂ ಅವರ ಮೂಲಕವೇ ಹೋಗಬೇಕು. ಆದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ಮಾತ್ರ ಅವರು ಮಾಡುತ್ತಿರಲಿಲ್ಲ. ಡಿಸ್ಪ್ಯಾಚಿನ ಹುಡುಗರು ಬಂದು, "ಮೇಡಂ, ಚೆನ್ನೈಗೆ ಫೋನ್ ಮಾಡಿ ಲಾರಿ ಹೊರಟಿದೆ ಅಂತ ಹೇಳ್ಬಿಡಿ" ಎಂದರೆ, "ನಾ ಲೈನ್ ಕೊಡ್ತೀನಿ. ಮಾತು ನೀ ಆಡು. ಲಾರಿ ಲೋಡ್ ಮಾಡ್ದಾಂವ ನೀನೋ ನಾನೋ?" ಎಂದು ಹೆಡ್‌ಸೆಟ್ಟನ್ನು ಸರಿಮಾಡಿಕೊಳ್ಳುತ್ತಿದ್ದರು.

ಮಾತಾಡಬೇಕಾದರೆ ಇಂಗ್ಲಿಷ್ ಬೇಕು. ಚೆನ್ನೈಯಲ್ಲೂ ಪುಣೆಯಲ್ಲೂ ಫೋನ್ ಎತ್ತುವವರಿಗೆ ನಮ್ಮ ಕನ್ನಡ ಬರುತ್ತಿರಲಿಲ್ಲ, ನಮ್ಮವರಿಗೆ ಅವರ ಭಾಷೆ ಬರುತ್ತಿರಲಿಲ್ಲ. ಅದಕ್ಕೇ ಊಟ ಮುಗಿದ ಮೇಲಿನ ಹದಿನೈದು ನಿಮಿಷ ಬೋರ್ಡ್ ರೂಮಿನಲ್ಲಿ ಪಾಠ ನಡೆಯುತ್ತಿತ್ತು. ಪುಸ್ತಕವಿಲ್ಲ, ಹಲಗೆಯಿಲ್ಲ. ಫೋನಿನಲ್ಲಿ ಬೇಕಾಗುವ ವಾಕ್ಯ ಬಿಟ್ಟು ಬೇರೆ ಏನನ್ನೂ ಅವರು ಕಲಿಸುತ್ತಿರಲಿಲ್ಲ. ಆಕಾಶ, ಸೂರ್ಯ, ಹಸು ಇವುಗಳ ಇಂಗ್ಲಿಷ್ ಅವರ ಕ್ಲಾಸಿನಲ್ಲಿ ಯಾರಿಗೂ ಬೇಕಾಗಲಿಲ್ಲ.

ಮೊದಲ ಪಾಠ ಇದು. ನಮ್ಮ ಹುಡುಗರು ಯಾರಿಗೇ ಫೋನ್ ಮಾಡಿದರೂ, "ಐ ವಾಂಟ್ ಟು ಟಾಕ್ ಟು ಹಿಮ್" ಎಂದು ಬೇಡಿಕೊಳ್ಳುತ್ತಿದ್ದರು. ಆ ಕಡೆಯವರು, ಅವರು ಬಿಝಿ ಎಂದು ಇಟ್ಟುಬಿಡುತ್ತಿದ್ದರು. ಮೇಡಂ ಹೇಳಿಕೊಟ್ಟದ್ದು, "ಐ ವಾಂಟ್ ಹಿಮ್ ಟು ಟಾಕ್ ಟು ಮಿ."

"ನೋಡಪಾ, ಮೊದಲ್ನೇದ್ರಾಗ ಕೆಲಸಾ ನಿಂದು. ಎರಡ್ನೇದ್ರಾಗ ಕೆಲಸಾ ಅವಂದು. ಮಾಲು ನಮ್ದು, ರೊಕ್ಕ ಅವಂದು. ಅವನೂ ಒಂದೀಟು ಮಾತಾಡ್ಲಿ" ಎನ್ನುತ್ತಿದ್ದರು. ಯಾರು ಮಾತಾಡಬೇಕೋ ಅವರನ್ನು ವಾಕ್ಯದ ನಡುವೆ ಕೂರಿಸು ಎನ್ನುವುದು ಅವರ ಪಾಠದ ಸಾರ. ಟೆಲ್ ಹರ್ ಟು ಕಾಲ್ ಮಿ. ಆಸ್ಕ್ ದೆಮ್ ಟು ಸ್ಪೀಕ್ ಟು ಅಸ್. ಗ್ರೀಸ್ ಮೆತ್ತಿದ ಕೈಯ ಗಂಡಸರು ಸಾಲಾಗಿ ನಿಂತು ಇದನ್ನು ಹೇಳುವುದನ್ನು ಕೇಳಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನಕ್ಕವರಿಗೆ ಮುಂದಿನ ವಾಕ್ಯ ಎಂದು ಅವರು ನಿಯಮ ಮಾಡಿದ ಮೇಲೆ ನಗುವುದನ್ನು ಬಿಟ್ಟೆ.

ಶನಿವಾರ ಪರೀಕ್ಷೆ. ಗೇಟಿನ ಸೆಕ್ಯೂರಿಟಿಯವರಿಗೆ ಫೋನಿನಲ್ಲಿ ಇಂಗ್ಲಿಷಿನ ಒಂದು ಮಾತು ಹೇಳುತ್ತಿದ್ದರು. ಅವರು ಅದನ್ನು ಸ್ಟೋರ್ಸಿಗೆ, ಸ್ಟೋರ್ಸಿನವರು ಟೂಲ್ ರೂಮಿಗೆ, ಅಲ್ಲಿಂದ ಡಿಸ್ಪ್ಯಾಚಿಗೆ, ಕೊನೆಗೆ ಕ್ಯಾಂಟೀನಿಗೆ ಮುಟ್ಟಿಸಬೇಕು. ಒಮ್ಮೆ ಕೊಟ್ಟ ಮಾತು, ಗೇಟಿನವನಿಗೆ ಎರಡು ವಡೆ ಎತ್ತಿಡಲು ಕ್ಯಾಂಟೀನಿನವರಿಗೆ ಹೇಳಿ ಎಂದು. ಪ್ರತಿಯೊಬ್ಬರೂ ಬೇರೆಯವರ ಜಾಗದಲ್ಲಿ ತಮ್ಮನ್ನೇ ಕೂರಿಸಿಕೊಂಡು ಮುಂದಕ್ಕೆ ದಾಟಿಸಿದ್ದರಿಂದ ವಡೆ ಹೋಗಿ ಸೇರಿದ್ದು ಡಿಸ್ಪ್ಯಾಚಿನ ಗುಮಾಸ್ತನ ತಟ್ಟೆಗೆ. ಗೇಟಿನವರು ಮಧ್ಯಾಹ್ನವಿಡೀ ಕಾದು, ಕೊನೆಗೆ ಬಂದು, "ಮೇಡಂ, ಇಂಗ್ಲಿಷು ಕಲೀತೀನಿ, ವಡೆ ಮಾತ್ರ ಕನ್ನಡದಲ್ಲೇ ಕೇಳ್ತೀನಿ" ಎಂದು ಹೇಳಿ ಹೋದರು.

ನನಗೆ ಆಗ ಫೋನೆಂದರೆ ಹೆದರಿಕೆ. ಇನ್‌ಸ್ಪೆಕ್ಷನ್ ರೂಮಿನಲ್ಲಿ ಫೋನ್ ಹೊಡೆದುಕೊಂಡರೆ ಎತ್ತದೆ, ಅದು ತಾನಾಗಿ ಸುಮ್ಮನಾಗುವ ತನಕ ಅಳತೆಯ ಮೈಕ್ರೋಮೀಟರ್ ಒರೆಸುತ್ತ ಕೂರುತ್ತಿದ್ದೆ. ಇದು ಅವರಿಗೆ ಗೊತ್ತಾಗಿ ದಿನಕ್ಕೆ ನಾಲ್ಕು ಸಲ ಸುಮ್ಮಸುಮ್ಮನೆ ಫೋನ್ ಮಾಡತೊಡಗಿದರು. ಎತ್ತಿದರೆ, "ಏನವಾ, ಚಾ ಆತೇನು?" ಎಂದು ಕೇಳಿ ಇಡುತ್ತಿದ್ದರು. ಎತ್ತದಿದ್ದರೆ ಎತ್ತುವ ತನಕ ಬಿಡುತ್ತಿರಲಿಲ್ಲ. ಫೋನಿಗಿಂತ ಅವರ ಹಟಕ್ಕೆ ಹೆದರಿ ಎತ್ತುವುದನ್ನು ಕಲಿತೆ.

ಅವರಿಗೆ ಸಿಟ್ಟು ಬೇಗ ಬರುತ್ತಿತ್ತು. ಎಸ್‌ಟಿಡಿ ಎಂದರೆ ದೂರ, ದೂರವೆಂದರೆ ಕಿರುಚಬೇಕು ಎಂದುಕೊಂಡವರ ಮೇಲೆ ಮೊದಲ ಸಿಟ್ಟು. ಮಾತು ಮುಗಿದ ಮೇಲೆ ಥ್ಯಾಂಕ್ಯೂ ಹೇಳದೆ ಫೋನ್ ಇಟ್ಟವರ ಮೇಲೆ ಎರಡನೆಯದು. ಅಂಥವರಿಗೆ ಅದೇ ನಂಬರನ್ನು ಮತ್ತೆ ತಿರುಗಿಸಿ ಕೊಟ್ಟು ಹೇಳಿಸುತ್ತಿದ್ದರು. ಲೈನ್ ಕೊಟ್ಟ ಮೇಲೆ ಕದ್ದು ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಅವರು ಗುಂಡಿ ಒತ್ತಿ ಹೊರಬಂದ ಸದ್ದು ಮಾತಾಡುವವರಿಗೆ ಕೇಳುತ್ತಿತ್ತು. ನಮ್ಮ ಫ್ಯಾಕ್ಟರಿಯ ಅರ್ಧ ಪ್ರೇಮಪ್ರಕರಣಗಳು ಆ ಸದ್ದನ್ನು ನಂಬಿಕೊಂಡೇ ನಡೆದವು. ಮುಂದೆ ಬೋರ್ಡು ಹೋಗಿ ತಾನೇ ಮಾತಾಡುವ ಮೆಷಿನ್ ಬಂತು, ಇವರು ರಿಟೈರ್ ಆದರು. ಆದರೆ ನಾನು ಹೇಳಬೇಕಾದದ್ದು ಅದಕ್ಕೂ ಮೊದಲಿನ ಒಂದು ವಾರದ ಕತೆ. ಆ ವಾರ ಬರುವವರೆಗೆ ಬೋರ್ಡ್ ಮೇಡಂ ತಪ್ಪು ಮಾಡುವವರೇ ಅಲ್ಲ ಎಂದು ನಾನು ನಂಬಿದ್ದೆ.

ಒಂದು ಶನಿವಾರ ಸಂಜೆ ಏಳು ಪೆಟ್ಟಿಗೆ ಶಾಫ್ಟುಗಳನ್ನು ಲಾರಿಗೆ ಏರಿಸಬೇಕಿತ್ತು. ಪೆಟ್ಟಿಗೆಗೆ ಇಪ್ಪತ್ತರಂತೆ ಅಳೆದು ನೋಡುವುದು ಕ್ರಮ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಸಾಹೇಬರು ಬಂದು, "ಏನಮ್ಮ, ಚಿನ್ನ ಅಳೀತಿದೀಯಾ? ಸೈನ್ ಹಾಕಮ್ಮ, ಹೊರಡ್ಲಿ" ಎಂದರು. ನಾನು ಮೇಲಿನ ಒಂದು ಪೆಟ್ಟಿಗೆಯಿಂದ ನಾಲ್ಕು ಶಾಫ್ಟ್ ಅಳೆದು, ಉಳಿದ ಅಂಕಿಗಳನ್ನು ಅಂದಾಜಿನಲ್ಲಿ ತುಂಬಿ ಸಹಿ ಹಾಕಿದೆ. ಭಾನುವಾರ ನಿದ್ದೆಯೂ ಚೆನ್ನಾಗಿಯೇ ಬಂತು.

ಹತ್ತು ದಿನದ ಮೇಲೆ ಪುಣೆಯಿಂದ ಫೋನ್. ಶಾಫ್ಟುಗಳು ಅಳತೆಗಿಂತ ಕೂದಲೆಳೆಯಷ್ಟು ಸಣ್ಣಗಿವೆ, ಬೇರಿಂಗಿನಲ್ಲಿ ಸಡಿಲವಾಗಿ ಕೂರುತ್ತಿವೆ ಎಂದು. ಸಾಹೇಬರು ಎರಡು ಸಲ ಕುಂಡದ ಪಕ್ಕ ನಿಂತು, ಮೂರನೆಯ ಸಲ ದಾರಿಯಿಲ್ಲದೆ ಮಾತಾಡಿದರು. ಮಾತಾಡಿ ಬಂದು ತಪ್ಪು ಯಾರದೆಂದು ತೀರ್ಮಾನಿಸಿಬಿಟ್ಟರು. ಶಾಫ್ಟುಗಳನ್ನು ಕೊನೆಗೆ ಸಾಣೆ ಹಿಡಿದು ಅಳತೆಗೆ ತರುವುದು ಗ್ರೈಂಡಿಂಗ್ ಮೆಷಿನ್ನು. ಅದನ್ನು ನಡೆಸುತ್ತಿದ್ದವರು ಪಿಳ್ಳಪ್ಪನವರು. ಅವರು ಕೆಡಿಸಿದ್ದಾರೆ, ಅವರನ್ನು ಕೆಲಸದಿಂದ ತೆಗೆಯಬೇಕು ಎಂದಾಯಿತು.

ಪಿಳ್ಳಪ್ಪನವರು ಪೀಣ್ಯದವರೇ. ನಮ್ಮ ಫ್ಯಾಕ್ಟರಿ ನಿಂತ ಜಾಗದಲ್ಲಿ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ. ಜಮೀನು ಹೋದಾಗ ಮನೆಗೊಂದು ಕೆಲಸ ಎಂದು ಸಿಕ್ಕಿದ ಕೆಲಸ ಅದು. ಐವತ್ತು ದಾಟಿದ ವಯಸ್ಸು. ಮಾತು ಕಡಿಮೆ. ಊಟಕ್ಕೆ ಮನೆಗೆ ಹೋಗಿಬರುತ್ತಿದ್ದರು, ಹಾಗಾಗಿ ಬೋರ್ಡ್ ಮೇಡಂ ಕ್ಲಾಸಿಗೆ ಒಂದು ದಿನವೂ ಬಂದವರಲ್ಲ. ಆ ವಯಸ್ಸಿನಲ್ಲಿ ಆ ಕೆಲಸ ಹೋದರೆ ಅವರಿಗೆ ಇನ್ನೊಂದು ಸಿಗುವಂತಿರಲಿಲ್ಲ.

ಅಷ್ಟರಲ್ಲಿ ಪುಣೆಯ ಕ್ವಾಲಿಟಿ ಆಫೀಸರು ಹೊಸ ವರಸೆ ತೆಗೆದರು. ರಿಪೋರ್ಟಿಗೆ ಸಹಿ ಹಾಕಿದವರು ಯಾರೋ ಅವರೇ ತಮ್ಮ ಜೊತೆ ಮಾತಾಡಬೇಕು ಎಂದು. ಇನ್‌ಸ್ಪೆಕ್ಷನ್ ರೂಮಿನ ಫೋನ್ ಹೊಡೆದುಕೊಂಡಿತು.

"ಪುಣೆಯವರು ನಿನ್ನ ಕೇಳಾಕತ್ತಾರ. ಸೀಟಿನ್ಯಾಗ ಅದಿ?" ಎಂದರು ಮೇಡಂ.

ನಾನು ಫೋನ್ ಕೆಳಗಿಟ್ಟು ಎದ್ದು ಹೊರಗೆ ಬಂದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ವರಾಂಡಕ್ಕೆ ಬಂದರೆ ಕ್ರೋಟನ್ ಕುಂಡದ ಪಕ್ಕ ಸಾಹೇಬರು ಮೊದಲೇ ನಿಂತಿದ್ದರು.

"ನೀನ್ಯಾಕಮ್ಮ ಇಲ್ಲಿ?" ಎಂದರು.

"ಪುಣೆ, ಸಾರ್" ಎಂದೆ.

ಅವರು ಒಂದು ಹೆಜ್ಜೆ ಸರಿದು ನನಗೂ ಜಾಗ ಕೊಟ್ಟರು. ಕಿಟಕಿಯಿಂದ ಮೇಡಂ ನಮ್ಮಿಬ್ಬರನ್ನೂ ನೋಡಿ, "ಶೀ ಈಸ್ ಆಲ್ಸೋ ನಾಟ್ ಇನ್ ಹರ್ ಸೀಟ್" ಎಂದದ್ದು ಅಲ್ಲಿಗೇ ಕೇಳಿಸಿತು. ಈಗ ಬರೆಯುವಾಗ ನಗು ಬರುತ್ತದೆ. ಆಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದಾಗ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ರೊಟ್ಟಿ ಮುರಿದು ನನ್ನ ಡಬ್ಬಿಗೆ ಹಾಕುತ್ತ, "ಪಿಳ್ಳಪ್ಪಗ ನೋಟೀಸ್ ಟೈಪ್ ಆಗಾಕತ್ತೇತಿ" ಎಂದರು ಅಷ್ಟೇ.

ಆ ರೊಟ್ಟಿಯನ್ನು ಡಬ್ಬಿಯಲ್ಲೇ ಬಿಟ್ಟೆ. ನಾನು ಸರಿಯಾಗಿ ಅಳೆದಿದ್ದರೆ ಮಾಲು ಹೊರಗೇ ಹೋಗುತ್ತಿರಲಿಲ್ಲ. ಅದನ್ನು ಪುಣೆಯವರಿಗೆ ಹೇಳಿದರೆ ಪಿಳ್ಳಪ್ಪನವರೊಬ್ಬರ ತಲೆಗೇ ಎಲ್ಲವೂ ಬರುವುದು ತಪ್ಪುತ್ತದೆ ಎಂದುಕೊಂಡೆ. ಒಂದು ಚೀಟಿಯಲ್ಲಿ, 'ಹೀ ಆಸ್ಕ್ಡ್ ಮಿ ಟು ಸೈನ್' ಎಂದು ಬರೆದು ಮೇಡಂ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು.

"ಖರೇ ಐತಿ. ಸಾಹೇಬ್ರು ಹೇಳಿದ್ರು. ಅಳತಿ ಮಾಡ್ಬೇಕಾದಾಕಿ ಯಾರು?"

"ನಾನೇ."

"ಹಂಗಾರ ಅದನ್ನೂ ಹೇಳು. ಬರೇ ಇಷ್ಟ ಹೇಳಿದ್ರ ಅವರ ಹೆಸರು ಹೇಳಿ ನೀ ಪಾರಾದಂಗ ಆಕ್ಕೇತಿ."

ಮರುದಿನ ಹನ್ನೊಂದಕ್ಕೆ ಪುಣೆಯ ಫೋನ್ ಬಂದಾಗ ನಾನು ಸೀಟಿನಲ್ಲಿದ್ದೆ. ನಾಲ್ಕು ಶಾಫ್ಟ್ ಮಾತ್ರ ಅಳೆದದ್ದು, ಉಳಿದದ್ದನ್ನು ಅಂದಾಜಿನಲ್ಲಿ ಬರೆದದ್ದು, ಸಹಿ ಹಾಕಿದ್ದು ಎಲ್ಲವನ್ನೂ ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಪುಣೆಯವರು ಥ್ಯಾಂಕ್ಯೂ ಎಂದರು, ಹಾಗಾದರೆ ಏಳು ಪೆಟ್ಟಿಗೆಯನ್ನೂ ವಾಪಸ್ ಕಳಿಸುತ್ತೇನೆ ಎಂದರು. ನಾನೂ ಥ್ಯಾಂಕ್ಯೂ ಹೇಳಿಯೇ ಇಟ್ಟೆ. ಬೋರ್ಡ್ ರೂಮಿಗೆ ಓಡಿದೆ. ಮೇಡಂ ನನ್ನ ಬೆನ್ನು ಚಪ್ಪರಿಸಿ, "ಶಾಣ್ಯಾಕಿ" ಎಂದರು. ಪಿಳ್ಳಪ್ಪನವರನ್ನು ಉಳಿಸಿಬಿಟ್ಟೆವು ಎಂದು ನಾವಿಬ್ಬರೂ ಅರ್ಧ ದಿನ ಬೀಗಿದೆವು.

ಸಾಹೇಬರು ನನ್ನನ್ನು ಕರೆಸಿ ಸರಿಯಾಗಿ ಬೈದರು. ಒಂದು ಮೆಮೋ ಕೈಗೆ ಕೊಟ್ಟರು. ಅದಕ್ಕೆ ನಾನು ತಯಾರಾಗಿದ್ದೆ. ಆದರೆ ಕೊನೆಗೆ ಅವರು ಹೇಳಿದ್ದು ಬೇರೆಯೇ ಇತ್ತು. "ನೀನು ಅಳೆದಿಲ್ಲ ಅಂತ ನೀನೇ ಒಪ್ಕೊಂಡೆ. ಅಲ್ಲಿಗೆ ಅವನು ಕೆಡಿಸಿದ್ದು ಗ್ಯಾರಂಟಿ ಆಯ್ತಲ್ಲ. ಹಿಡಿಯೋರಿಲ್ಲ ಅಂತ ಕೆಡಿಸ್ತಾ ಕೂತಿದಾನೆ" ಎಂದರು. ಸಂಜೆಯೊಳಗೆ ನೋಟೀಸು ಪಿಳ್ಳಪ್ಪನವರ ಕೈಸೇರಿತು. ಮೂರು ದಿನದಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಕೆಲಸವಿಲ್ಲ. ನಾನು ಉಳಿಸಲು ಹೋಗಿ ಅವರನ್ನು ಇನ್ನೂ ಆಳಕ್ಕೆ ತಳ್ಳಿದ್ದೆ.

ಮರುದಿನ ನಾವು ಊಟಕ್ಕೆ ಕೂತಿದ್ದಾಗ ಬೋರ್ಡ್ ರೂಮಿನ ಬಾಗಿಲಲ್ಲಿ ಪಿಳ್ಳಪ್ಪನವರು ನಿಂತಿದ್ದರು. ಕೈಯಲ್ಲಿ ನೋಟೀಸು.

"ಅವ್ವಾ, ಇದು ಇಂಗ್ಲೀಸಲ್ಲದೆ. ಏನಂತ ಬರ್ದವ್ರೆ ಒಸಿ ಓದಿ ಏಳ್ತೀರಾ?" ಎಂದರು.

ಮೇಡಂ ಕೈತೊಳೆದು ಬಂದು ಓದಿ ಕನ್ನಡದಲ್ಲಿ ಹೇಳಿದರು. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ನಾನ್ ಕೆಡ್ಸಿದ್ದು ಅಂತಾನಾ?"

"ಹಂಗ ಬರದಾರ್ರಿ."

"ವಾರದಿಂದ ಪೋನಿನ ಮೇಲೆ ಪೋನು, ಎಲ್ರೂ ನನ್ನ ವಿಸ್ಯಾನೇ ಮಾತಾಡ್ತಾವ್ರೆ ಅಂತ ಉಡುಗ್ರು ಏಳುದ್ರು. ನೀವೂ ಮಾತಾಡುದ್ರಂತೆ, ಈ ಅವ್ವನೂ ಮಾತಾಡ್ತಂತೆ. ನನ್ನೊಬ್ಬನ್ನ ಯಾರೂ ಕೇಳ್ಲಿಲ್ವಲ್ಲವ್ವ."

ಸಿಟ್ಟಿನಿಂದ ಹೇಳಿದ್ದಲ್ಲ. ಮಳೆ ಯಾಕೆ ಬರಲಿಲ್ಲ ಎಂದು ಕೇಳುವವರ ಹಾಗೆ ಕೇಳಿದರು. ಮೇಡಂ ನೋಟೀಸನ್ನು ಮಡಿಸಿ ಬದಿಗಿಟ್ಟರು.

"ಈಗ ಕೇಳ್ತೀನ್ರಿ. ಹೇಳ್ರಿ, ಏನಾತು?" ಎಂದರು.

"ಆಗೋದೇನು. ಮಿಸನ್ನಿನ ನೀರಿನ ಪಂಪು ಮೂರ್ ದಿನ ಕೆಟ್ಟೋಗಿತ್ತು. ಪೋರ್ಮನ್ನಿಗೆ ಏಳ್ದೆ. ಅಂಗೇ ಓಡ್ಸು ಅಂದ್ರು. ನೀರು ಬೀಳ್ದೆ ಉಜ್ಜುದ್ರೆ ಕಬ್ಬಿಣ ಕಾಯ್ತದೆ, ಕಾದ್ರೆ ಊದ್ಕೊತದೆ. ಬಿಸೀಲಿ ಅಳತೆ ಇಡುದ್ರೆ ಸರ್ಯಾಗೇ ಬತ್ತದೆ. ತಣ್ಣಗಾದ್ಮೇಲೆ ಸಣ್ಣಗಾಯ್ತದೆ. ನಂಗೊತ್ತಿತ್ತು. ಅದ್ಕೇ ಆ ಮೂರ್ ದಿನದ ಮಾಲ್ನ ಬ್ಯಾರೆ ಎಲ್ಡು ಪೆಟ್ಟಿಗೇಗಾಕಿ, ಸೀಮೆಸುಣ್ಣದಲ್ಲಿ ಇಂಟು ಮಾರ್ಕು ಆಕಿದ್ದೆ. ನೋಡಿ ಎತ್ತಿಡ್ತಾರೆ ಅಂತ."

ನಾನು ಆ ಗುರುತನ್ನು ನೋಡಿದ್ದೆ. ಪ್ಯಾಕಿಂಗಿನವರು ಎಣಿಸಲು ಹಾಕಿಕೊಂಡದ್ದಿರಬೇಕು ಎಂದುಕೊಂಡಿದ್ದೆ. ನಾನು ಅಳೆದ ನಾಲ್ಕು ಶಾಫ್ಟುಗಳು ಗುರುತಿಲ್ಲದ ಪೆಟ್ಟಿಗೆಯವು.

ಮೇಡಂ ಹೆಡ್‌ಸೆಟ್ ಹಾಕಿಕೊಂಡು ಪುಣೆಯ ನಂಬರು ತಿರುಗಿಸಿದರು. ಕ್ವಾಲಿಟಿ ಆಫೀಸರು ಸಿಕ್ಕಿದರು. "ಐ ವಾಂಟ್ ಯು ಟು ಟಾಕ್ ಟು ಹಿಮ್" ಎಂದು ಹೇಳಿ, ಇವರು ಯಾರೆಂದು ವಿವರಿಸಿ, ಹೆಡ್‌ಸೆಟ್ ತೆಗೆದು ಪಿಳ್ಳಪ್ಪನವರ ಮುಂದೆ ಹಿಡಿದರು. ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ನಂಗೆ ಇಂಗ್ಲೀಸು ಬರಾಕಿಲ್ಲ ಕಣವ್ವ."

"ಬ್ಯಾಡ್ರಿ. ನೀವು ಕನ್ನಡದಾಗ ಹೇಳ್ರಿ. ನಾ ಅವರಿಗೆ ಹೇಳ್ತೀನಿ" ಎಂದರು ಮೇಡಂ. ಇನ್ನೊಬ್ಬರ ಮಾತನ್ನು ತಾವು ಹೊರುವುದಿಲ್ಲ ಎಂದು ಹನ್ನೊಂದು ವರ್ಷ ಹಟ ಹಿಡಿದವರು ಹೆಡ್‌ಸೆಟ್ಟನ್ನು ಮತ್ತೆ ತಾವೇ ಹಾಕಿಕೊಂಡರು.

ಪಿಳ್ಳಪ್ಪನವರು ಮೊದಲಿನಿಂದ ಹೇಳತೊಡಗಿದರು. "ಹೀ ವಾಂಟ್ಸ್ ಮಿ ಟು ಟೆಲ್ ಯು" ಎಂದು ಮೇಡಂ ಶುರುಮಾಡಿದರು. ಪಂಪು ಕೆಟ್ಟಿತ್ತು ಎನ್ನುವ ತನಕ ಚೆನ್ನಾಗಿಯೇ ನಡೆಯಿತು. ಕಬ್ಬಿಣ ಕಾದು ಊದಿಕೊಳ್ಳುತ್ತದೆ ಎನ್ನುವಲ್ಲಿಗೆ ಬಂದಾಗ ಅವರ ಇಂಗ್ಲಿಷ್ ಮುಗಿಯಿತು. ಟೆಲಿಫೋನಿನ ಇಂಗ್ಲಿಷಿನಲ್ಲಿ ಅದಕ್ಕೆ ಮಾತಿರಲಿಲ್ಲ. ನನ್ನ ಕಡೆ ನೋಡಿದರು. ಡಿಪ್ಲೊಮಾದಲ್ಲಿ ಓದಿದ್ದ ನನಗೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. "ಶಾಫ್ಟ್ ಈಸ್ ಬಿಕಮಿಂಗ್ ಫ್ಯಾಟ್" ಎಂದುಬಿಟ್ಟರು ಮೇಡಂ. ಆ ಕಡೆಯವರು ಏನೋ ಕೇಳಿದರು. ಮೇಡಂ ತಿರುಗಿ, "ನಿಮಗ ಹಿಂದಿ ಬರತೈತೇನು ಅಂತ ಕೇಳ್ತಾರ್ರಿ" ಎಂದರು.

"ಇಂದಿ ಗೊತ್ತಿಲ್ಲ. ಸಾಬ್ರ ಮಾತು ಬತ್ತದೆ. ಸಂತೇಲಿ ದನದ ಯಾಪಾರ ಅವ್ರ ಜೊತೇಲೇ ಅಲ್ವಾ ಮಾಡ್ತಿದ್ದುದ್ದು, ಅಪ್ಪನ ಕಾಲದಿಂದ."

ಮೇಡಂ ಹೆಡ್‌ಸೆಟ್ ತೆಗೆದು ಅವರ ತಲೆಗೆ ಹಾಕಿದರು. ಅದು ತಿರುಗುಮುರುಗಾಯಿತು, ಸರಿಮಾಡಿದರು. ಪಿಳ್ಳಪ್ಪನವರು ಒಮ್ಮೆ ಗಂಟಲು ಸರಿಮಾಡಿಕೊಂಡು, "ಸಾಬ್, ಪಾನಿ ನೈ ಸೋ, ಲೋಹಾ ಗರಮ್ ಹೋಕೋ ಮೋಟಾ ಹೋತಾ" ಎಂದರು.

ಅಲ್ಲಿಂದ ಅವರನ್ನು ಹಿಡಿಯುವವರಿರಲಿಲ್ಲ. ಇಪ್ಪತ್ತು ನಿಮಿಷ ಮಾತಾಡಿದರು. ಬೆರಳಲ್ಲಿ ಶಾಫ್ಟಿನ ದಪ್ಪ ತೋರಿಸಿದರು, ಪೆಟ್ಟಿಗೆಯ ಗುರುತನ್ನು ಗಾಳಿಯಲ್ಲಿ ಬರೆದರು, ನಡುವೆ ಒಮ್ಮೆ ಜೋರಾಗಿ ನಕ್ಕರು. ಪುಣೆಯವರೂ ಮೆಷಿನ್ ನಡೆಸಿಯೇ ಮೇಲೆ ಬಂದವರಂತೆ. ಬೋರ್ಡಿನ ಮೇಲೆ ಬೇರೆ ಫೋನುಗಳ ಕೆಂಪು ದೀಪಗಳು ಒಂದಾದ ಮೇಲೊಂದು ಮಿನುಗುತ್ತಿದ್ದವು. ಮೇಡಂ ಎತ್ತಲಿಲ್ಲ. ನಾವಿಬ್ಬರೂ ಇಂಗ್ಲಿಷ್ ಬಲ್ಲವರು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದೆವು.

ಗುರುತಿದ್ದ ಎರಡು ಪೆಟ್ಟಿಗೆ ಮಾತ್ರ ವಾಪಸ್ ಬರುತ್ತದೆ, ಉಳಿದ ಐದನ್ನೂ ಅಳೆದು ನೋಡಿ ಇಟ್ಟುಕೊಳ್ಳುತ್ತಾರೆ ಎಂದು ಮಾತಾಯಿತು. ಮಧ್ಯಾಹ್ನವೇ ಪುಣೆಯವರು ಸಾಹೇಬರಿಗೆ ಫೋನ್ ಮಾಡಿ ಪಂಪಿನ ವಿಷಯ ಕೇಳಿದರು. ಸಾಹೇಬರು ಅಂದು ಸೀಟಿನಲ್ಲೇ ಇದ್ದು ಕೇಳಿಸಿಕೊಂಡರು. ನೋಟೀಸು ವಾಪಸಾಯಿತು. ಪಿಳ್ಳಪ್ಪನವರು ಎರಡು ಗಂಟೆಗೆ ಸರಿಯಾಗಿ ಮೆಷಿನ್ ಮುಂದೆ ಇದ್ದರು.

ನನಗೆ ಕುಣಿಯುವಷ್ಟು ಸಂತೋಷ. ಮೇಡಂ ಮಾತ್ರ ಅಂದು ಸಂಜೆಯ ತನಕ ಯಾರನ್ನೂ ಬೈಯಲಿಲ್ಲ. ಯಾರೋ ಥ್ಯಾಂಕ್ಯೂ ಹೇಳದೆ ಫೋನ್ ಇಟ್ಟರು, ಅದನ್ನೂ ಬಿಟ್ಟುಬಿಟ್ಟರು. ಐದೂವರೆಗೆ ಇಬ್ಬರೂ ಜಾಲಹಳ್ಳಿ ಕ್ರಾಸಿಗೆ ನಡೆದು ಬಸ್ಸಿಗೆ ನಿಂತೆವು. ಎಲ್ಲ ಸರಿಹೋಯಿತಲ್ಲ ಮೇಡಂ, ಇನ್ನೂ ಯಾಕೆ ಹೀಗಿದ್ದೀರಿ ಎಂದು ಕೇಳಿದೆ. ಅವರು ಲಾರಿಗಳ ಸಾಲನ್ನು ನೋಡುತ್ತಿದ್ದರು.

"ಕೆಲಸದ ಬೂಟು ಇಡೂ ಕಪಾಟು ನನ್ನ ಖೋಲಿ ಮುಂದನ ಐತೆಲ್ಲ. ಆ ಮನಶ್ಯಾ ದಿನಾ ಮುಂಜಾನೆ ಅಲ್ಲೆ ಚಪ್ಪಲಿ ಬಿಟ್ಟು, ಬೂಟು ಹಾಕ್ಕೊಂಡು, ನನಗ ಕೈಮುಗದು ಹೋಗ್ತಾನ. ಹನ್ನೊಂದ್ ವರ್ಷ. ನಾನೂ ಕೈಮುಗೀತೀನಿ. ಒಳಗ ಬರ್ರಿ, ಕುಂದರ್ರಿ, ಏನರ ಮಾತಾಡ್ರಿ ಅಂತ ಒಂದ್ ದಿನಾನೂ ಅನ್ನಲಿಲ್ಲ ನೋಡವಾ ನಾ" ಎಂದರು. ಕಣ್ಣಲ್ಲಿ ನೀರಿತ್ತು. ಸೆರಗಿನಿಂದ ಒರೆಸಿಕೊಳ್ಳಲೂ ಇಲ್ಲ.

ಪಿಳ್ಳಪ್ಪನವರ ಕೈಯಿಂದ ಬಂದ ಶಾಫ್ಟುಗಳನ್ನು ನಾನು ಮೂರು ವರ್ಷದಿಂದ ಅಳೆಯುತ್ತಿದ್ದೆ. ಓಕೆ, ರಿಜೆಕ್ಟ್ ಬಿಟ್ಟು ಅವರಿಗೆ ಇನ್ನೇನು ಹೇಳಿದ್ದೆ, ಏನು ಕೇಳಿದ್ದೆ ಎಂದು ನೆನಪಿಸಿಕೊಳ್ಳುತ್ತ ನಿಂತೆ. ಬಸ್ಸು ಬಂತು, ಹತ್ತಿದೆವು. ರಾಜಾಜಿನಗರದಲ್ಲಿ ಅವರು ಇಳಿದು ಹೋದರು. ನನ್ನ ಮನೆ ಬಂದರೂ ನನಗೆ ಒಂದು ಮಾತೂ ನೆನಪಾಗಲಿಲ್ಲ.